ಸಡಿಲ

ರೋಸ್ಕಾಫ್ ಬಂದರಿನಲ್ಲಿ ಇಳಿತ.
ಕಡಲು ಎದ್ದು ದೂರ ಹೋಗಿ ಕೂತಿದೆ.
ಧಕ್ಕೆಯ ಬುಡದಲ್ಲಿ ಕೆಸರು, ಕೆಸರಲ್ಲಿ ಮಗ್ಗುಲಾಗಿ ಮಲಗಿದ ದೋಣಿ,
ದೋಣಿಯಿಂದ ಮೇಲಿನ ಗೂಟಕ್ಕೆ ಗುಲ್ವೆನ್ ಕಟ್ಟಿದ ಹಗ್ಗ
ಇಷ್ಟು ಇಳಿದರೂ ಇನ್ನೊಂದು ಮಾರು ಉಳಿಸಿಕೊಂಡು
ಜೋಲುತ್ತಿದೆ ಸುಮ್ಮನೆ.

ಮೂರನೆಯ ಮಹಡಿಯಲ್ಲಿ ಅಜಿಲಿಸ್
ದೀಪ ಹಾಕದೆ ತಟ್ಟೆಗಳ ಮುಂದೆ ನಿಂತಿದ್ದಾಳೆ.
ಬೆಳಗಿನ ಐದು ಗಂಟೆ. ತಟ್ಟೆ ತುಂಬ
ತಿಳಿ ನೀಲಿ ಬೆಳಕು.
ಇರಬಾರದಿತ್ತು.

ಕಡಲಿನ ಈ ಬ್ಯಾಕ್ಟೀರಿಯಾ ಬೆಳಗುತ್ತದೆ, ಸರಿ,
ಆದರೆ ಬಳಗ ನೆರೆದ ಮೇಲೆ. ಒಂಟಿಯಾಗಿದ್ದಾಗ
ಬೆಳಗುವ ಜೀನಿನ ಮೇಲೆ ಒಂದು ಪ್ರೋಟೀನು
ಕೆಂಡದ ಮೇಲೆ ಬೂದಿಯ ಹಾಗೆ ಹರಡಿಕೊಂಡಿರುತ್ತದೆ.
ಅದಕ್ಕೆ ಎರಡು ತುದಿ: ಒಂದು, ಡಿಎನ್‌ಎಯ ತೋಡಿಗೆ ಬೆರಳಿಡುವುದು;
ಇನ್ನೊಂದು, ತನ್ನಂಥವರ ಕೈ ಹಿಡಿದು ಸಾಲುಗಟ್ಟುವುದು.
ನಡುವೆ?

ನಡುವೆ ಏನಿಲ್ಲ, ಅಂದಿದ್ದರು ಹಿರಿಯರು.
ಹರಳು ಕಟ್ಟಿಸಿ ಎಕ್ಸ್-ರೇ ಹಾಯಿಸಿದಾಗಲೆಲ್ಲ
ತುದಿಗಳು ಚೊಕ್ಕವಾಗಿ ಮೂಡಿದವು, ನಡು ಮೂಡಲಿಲ್ಲ,
ಫೋಟೋ ತೆಗೆವಾಗ ಓಡಾಡಿದ ಮಗುವಿನಂತೆ.
ಚುಕ್ಕಿ ಚುಕ್ಕಿ ಗೆರೆ ಎಳೆದು ಮುಂದೆ ಹೋದರು.

(ತೆರೆ, ಅಲ್ಲಿ: ಕೂಡಿಸಿ ಹೇಳಿ ನೋಡಿ.
ತೆರೆಯಲ್ಲಿ. ನಡುವೆ ನುಸುಳಿದ ಆ ಯ
ತೆರೆಯದೂ ಅಲ್ಲ, ಅಲ್ಲಿಯದೂ ಅಲ್ಲ.
ಕಿತ್ತು ನೋಡಿ, ನಾಲಿಗೆ ಎಡವುತ್ತದೆ.)

ಅಜಿಲಿಸ್ ಕಿತ್ತಳು. ಹನ್ನೊಂದು ಅಮೈನೋ ಆಮ್ಲ, ಅಷ್ಟೆ.
ತುದಿಗಳೆರಡೂ ಕೆಡಲಿಲ್ಲ, ಮಡಿಕೆಗಳು ಮಡಿಕೆಯಾಗೇ ಉಳಿದವು.
ಜೀವಕೋಶದೊಳಗೆ ಮಾತ್ರ, ಇಗೋ, ರಾತ್ರಿಯಿಡೀ ಬೆಳಕು.

ಆಮೇಲೆ ಉದ್ದ ಮರಳಿ ಕೊಟ್ಟಳು, ಪ್ರೋಲೀನ್‌ಗಳನ್ನು ಪೋಣಿಸಿ,
ಕೋಲಿನಷ್ಟು ನೆಟ್ಟಗೆ. ಬೆಳಕು.
ಬಳುಕಲಿ ಎಂದು ಗ್ಲೈಸೀನ್, ಸೆರೀನ್, ಗ್ಲೈಸೀನ್, ಸೆರೀನ್:
ಉದ್ದ ಅದೇ, ಬಳುಕು ಅದಕ್ಕಿಂತ ಹೆಚ್ಚು.
ಬೆಳಕು. ಮಾರ್ಚ್ ಮುಗಿಯಿತು.

ಕಡಲ ನೀರಿನ ಕ್ಯಾನು ಹೊತ್ತು ತಂದ ಗುಲ್ವೆನ್ ಬಾಗಿಲಲ್ಲಿ ನಿಂತು
ಪ್ಯಾರಿಸ್ಸಿನವರ ದೋಣಿಯ ಕತೆ ಹೇಳಿದ. ಉಬ್ಬರದಲ್ಲಿ ಬಂದು
ಬಿಗಿಯಾಗಿ, ಅಚ್ಚುಕಟ್ಟಾಗಿ ಕಟ್ಟಿ ಊಟಕ್ಕೆ ಹೋದರಂತೆ;
ಬರುವಷ್ಟರಲ್ಲಿ ನೀರು ಎಂಟು ಮೀಟರು ಇಳಿದು
ದೋಣಿ ಗೋಡೆಗೆ ನೇತುಬಿದ್ದಿತ್ತು, ಕೊಕ್ಕೆಗೆ ಹಾಕಿದ ಮೀನು.
'ಉದ್ದ ಬಿಟ್ಟರಾಯಿತಲ್ಲ?' ಅಂದಳು, ಬೇರೇನೋ ಯೋಚಿಸುತ್ತ.
'ಉದ್ದ ಒಂದೇ ಆದರೆ ನೈಲಾನು ಸಾಕಿತ್ತು. ಅದು ಜಾರುತ್ತೆ ಮಾರಾಯ್ತಿ.
ಹಗ್ಗಕ್ಕೆ ಜುಂಗು ಬೇಕು. ಅಲ್ಲಲ್ಲಿ ಕಚ್ಚಬೇಕು ಗೂಟವನ್ನ.'

ಜುಂಗು.
ಹಳೆಯ ಅನುಕ್ರಮ ತೆಗೆದು ನೋಡಿದಳು. ಆ ಸೋಮಾರಿ ನಡುವಿನಲ್ಲಿ
ಲೈಸೀನ್, ಅರ್ಜಿನೀನ್, ಸ್ವಲ್ಪ ಬಿಟ್ಟು ಮತ್ತೆ ಲೈಸೀನ್:
ಧನ ವಿದ್ಯುತ್ತಿನ ಪುಟ್ಟ ಮುಳ್ಳುಗಳು.
ಡಿಎನ್‌ಎಗೋ ಮೈತುಂಬ ಋಣ.
ಋಣ ಇದ್ದಲ್ಲಿ ತಾನೆ ನಂಟು?

ಮೂರನ್ನೂ ಮರಳಿ ನೆಟ್ಟಳು.
ಏಪ್ರಿಲ್ ಹನ್ನೆರಡು. ಬಾಗಿಲು ಹಾಕಿ, ಪರದೆ ಎಳೆದು
ಕಣ್ಣು ಕತ್ತಲಿಗೆ ಹೊಂದಲೆಂದು ಹತ್ತು ನಿಮಿಷ ಕಾದಳು. ಏನೂ ಕಾಣಲಿಲ್ಲ.
ಇನ್ನೈದು ನಿಮಿಷ. ಏನೂ ಇಲ್ಲ.
ತನ್ನ ಕೈ ತನಗೆ ಕಾಣದಲ್ಲಿ
ಜೋರಾಗಿ ನಕ್ಕಳು.

ಲೇಖನಕ್ಕೆ ಚಿತ್ರ ಬರೆವಾಗ ಗಟ್ಟಿ ಗೆರೆ ಎಳೆಯಬೇಕೆನಿಸಿತು.
ಆದರೆ ಎಲ್ಲಿ? ಅದು ಒಂದು ಕಡೆ ನಿಲ್ಲುವುದೇ ಇಲ್ಲವಲ್ಲ.
ಮತ್ತೆ ಚುಕ್ಕಿಗಳನ್ನೇ ಇಟ್ಟಳು, ಒಂದೊಂದಾಗಿ, ಎಣಿಸಿ.

ಕೆಳಗೆ ಉಬ್ಬರ ಏರುತ್ತಿತ್ತು. ದೋಣಿ ಎದ್ದು
ಗೋಡೆಯ ಪಾಚಿ ಸವರುತ್ತ ಮೇಲೆ ಬಂತು; ಹಗ್ಗ ನೀರಿಗೆ ಬಿದ್ದು
ಎಲ್ಲೆಲ್ಲೋ ಹೊರಳಿತು.
'ನಿನ್ನ ದೀಪ ಆರಿತಂತೆ,' ಅಂದ ಗುಲ್ವೆನ್, ಸಾವಿಗೆ ಬಂದವರ ದನಿಯಲ್ಲಿ,
ಬೆಂಕಿಪೊಟ್ಟಣ ಕೇಳುತ್ತ.