ಒಂದಕ್ಕೆ ನೂರು

ಬೆಳಗೊಳದ ಈಚೆ, ನಾಲೆ ತಿರುಗುವಲ್ಲಿ,
ತಗಡಿನ ಸೂರಿನಡಿ ನಮ್ಮದೊಂದು ಸಮುದ್ರ.
ಅರವತ್ತು ಗಜ ಉದ್ದ, ಆಳ ಮೊಣಕಾಲು.
ನೀರು ಕಾವೇರಿಯದು. ಉಪ್ಪಿಲ್ಲ.
ಉಪ್ಪಿನ ಕೊರತೆಗೆ ಪ್ರಫುಲ್ಲಾ ಮೇಡಂ
ಕಾಗದದ ಮೇಲೆ ಶೇಕಡಾ ಎರಡೂವರೆ ಸೇರಿಸುತ್ತಾರೆ.
ಕಾರವಾರದವರು; ದಿನಾ ಬೆಳಿಗ್ಗೆ ಬಗ್ಗಿ ಮೂಸಿ
ಏನೂ ಅನ್ನದೆ ಹೋಗಿ ಕೂರುತ್ತಾರೆ.

ನಾನು ಗಾರೆಯವನು, ಮೊಗಣ್ಣ.
ತಗಡು ಕತ್ತರಿಸಿ, ಮರಳು ತುಂಬಿ, ಮೇಲೆ ಸಿಮೆಂಟೆಳೆದು
ಕಡಲಿನ ತಳವನ್ನು ಕರಣೆಯಲ್ಲಿ ತಟ್ಟಿದವನು.
ಈ ಶೆಡ್ಡಿನಲ್ಲಿ ಮೂರು ಕಡಲು ಮಾಡಿದ್ದೇನೆ,
ನಿಜವಾದ್ದು ಒಂದನ್ನೂ ನೋಡಿಲ್ಲ.

ಈ ಸಲದ್ದು ಕಲ್ಲಿದ್ದಲ ಬಂದರು, ಮೂಡಲ ಕರಾವಳಿಯದು.
ಎರಡು ಹಡಗು ನಿಲ್ಲುವಲ್ಲಿ ಐದು ನಿಲ್ಲಬೇಕಂತೆ,
ನಮ್ಮ ನೆಲದ ಇದ್ದಲು ಯಾರದೋ ದೇಶದ ಒಲೆಗೆ ಹೋಗಬೇಕಂತೆ.
ಅಲೆತಡೆ ಇನ್ನೂ ಹದಿನೇಳು ಅಡಿ ಚಾಚು ಎಂದರು.
ಅಲ್ಲಿ ಅದು ಸಾವಿರದ ಏಳುನೂರು.
ಇಲ್ಲಿ ಒಂದು ಮಧ್ಯಾಹ್ನದ ಕೆಲಸ.
ಜಲ್ಲಿ ಆರಿಸಿ, ಒಂದೊಂದೇ ತೂಗಿ, ಬಣ್ಣ ಬಳಿದೆವು,
ಯಾವುದು ಉರುಳಿತೆಂದು ಗೊತ್ತಾಗಲಿ ಎಂದು.
ಹಡಗುಗಳು ಮೈಸೂರಿನ ಬಡಗಿ ಖುದ್ದೂಸ್ ಸಾಹೇಬರವು,
ಹಲಸಿನ ಮರ; ಹೊಟ್ಟೆಯಲ್ಲಿ
ಕಲ್ಲಿದ್ದಲ ಬದಲು ಸೀಸದ ಗುಂಡು.

ನಮ್ಮ ಕಡಲಲ್ಲಿ ಕಾಲವೂ ಕುಗ್ಗುತ್ತದೆ:
ಅಲ್ಲಿ ಹತ್ತು ಗಂಟೆ, ಇಲ್ಲಿ ಒಂದು.
ಐವತ್ತು ವರ್ಷಕ್ಕೊಮ್ಮೆ ಬರುವ ಚಂಡಮಾರುತ
ಹನ್ನೊಂದೂವರೆಗೆ ಎದ್ದು, ಊಟದ ಬೆಲ್ಲಿಗೆ ಮಲಗಿತು.
ಮುದ್ದೆ ಮುರಿಯುತ್ತ ಎಣಿಸಿದೆ:
ಮೂರು ಕೆಂಪು ಕಲ್ಲು, ಒಂದು ಹಳದಿ.
ಮೇಡಂ ಬರೆದುಕೊಂಡರು: ತಡೆ ತಡೆಯುತ್ತದೆ.

ಮಾರ್ಚಿಯಲ್ಲಿ ಬಂದರಿನವರು ಬಂದರು, ನಾಲ್ಕು ಜನ,
ಬೀಳುವುದೇನೂ ಇಲ್ಲದ ಸೂರಿನಡಿ ಬಿಳಿ ಹೆಲ್ಮೆಟ್ಟು.
ಒಬ್ಬರು ದಂಡೆಯ ಮೇಲೆ ಬೂಟಿಟ್ಟರು.
ನೂರಡಿಯ ಬೂಟು.
"ರಾಶಿ ಎಲ್ಲಿ? ನೋಡೋರಿಗೆ ರಾಶಿ ಕಾಣಬೇಕು ಕಣ್ರೀ."
ಸೀಮೆಸುಣ್ಣದಲ್ಲಿ ಒಂದು ಚೌಕ ಎಳೆದು ತೋರಿಸಿದರು.

ಪಾಂಡವಪುರದ ಹತ್ತಿರ ನಮ್ಮ ಭಾವನ ಆಲೆಮನೆ.
ಅಲ್ಲಿಂದ ಎರಡು ಮಂಕರಿ ಕರಿ ತಂದು ಸುರಿದೆ,
ಸಾಲಾಗಿ ಹನ್ನೆರಡು ಗುಡ್ಡ,
ನೆತ್ತಿ ಚೂಪಾಗಿ ತಿದ್ದಿ.
ಚೆನ್ನಾಗಿತ್ತು. ನನಗೂ ಅನ್ನಿಸಿತು.

ಸೆಕೆ ಅಂದರೆ ಸೆಕೆ. ಅವರಿಗೋಸ್ಕರ
ಆಫೀಸಿಂದ ಸ್ಟ್ಯಾಂಡ್ ಫ್ಯಾನು ಬಂತು,
ಯಾರೋ ಸ್ವಿಚ್ಚು ಹಾಕಿದರು.

ಮೊದಲು ಒಂದು ಗುಡ್ಡದ ನೆತ್ತಿ ಹೊಗೆಯಾಡಿತು.
ಆಮೇಲೆ ಹನ್ನೆರಡೂ ಎದ್ದವು.
ಹೆಲ್ಮೆಟ್ಟು, ನಕ್ಷೆ, ತಟ್ಟೆಯಲ್ಲಿದ್ದ ಗೋಡಂಬಿ,
ಖುದ್ದೂಸ್ ಸಾಹೇಬರ ಹಡಗು, ಎಲ್ಲಕ್ಕೂ ಒಂದೇ ಬಣ್ಣ.
"ಆರ್ಸಲೇ ಅದ್ನ!" ಎಂದು ನಾನೇ ಕೂಗಿದೆ,
ಸ್ವಿಚ್ಚಿನ ಹತ್ತಿರ ನಿಂತಿದ್ದವನೂ ನಾನೇ.

ಮೇಡಂ ಮಾತ್ರ ಅಲ್ಲಾಡಲಿಲ್ಲ.
ಕರಿ ಎಲ್ಲಿ ಕೂತಿತೋ ಅಲ್ಲೇ ನೋಡುತ್ತಿದ್ದರು:
ಚೌಕದ ಪಡುವಲಿಗೆ, ನಕ್ಷೆಯಲ್ಲಿ ಖಾಲಿ ಬಿಟ್ಟ ಬಿಳಿ ಜಾಗ,
ಒಳಗೆ ಸಣ್ಣಕ್ಷರದಲ್ಲಿ "ಇತರೆ".

"ಇತರೆ ಅಂದ್ರೆ ಯಾರು, ಸಾರ್?"

ಕರವಸ್ತ್ರದಲ್ಲಿ ಕಿವಿ ಒರೆಸುತ್ತ ಒಬ್ಬರು ಹೇಳಿದರು,
ಸಿಟ್ಟಿಲ್ಲದೆ, ಮಗುವಿಗೆ ಹೇಳಿದಂತೆ:
"ನಿಮಗೆ ಕೊಟ್ಟಿರೋದು ಅಲೆಯ ಕೆಲಸ.
ಗಾಳಿ ನಿಮ್ಮ ವ್ಯಾಪ್ತಿಗೆ ಬರೋದಿಲ್ಲ."

ವರದಿ ಇನ್ನೂರ ಹನ್ನೆರಡು ಪುಟ ಆಯಿತು.
ಅಲೆ ಉಂಟು, ಕಲ್ಲು ಉಂಟು, ಉಪ್ಪೂ ಉಂಟು.
ಮುಂದಿನ ವಾರ ನೋಟೀಸು ಬೋರ್ಡಿಗೆ ಸುತ್ತೋಲೆ ಅಂಟಿಸಿದರು:
ಮಾದರಿ ಶೆಡ್ಡಿನಲ್ಲಿ ಫ್ಯಾನು ಬಳಸಕೂಡದು.

ಶನಿವಾರ ತೂಬು ತೆಗೆದು ಸಮುದ್ರವನ್ನು ನಾಲೆಗೆ ಬಿಟ್ಟೆ.
ಕೆಳಗೆ ಯಾರ ಗದ್ದೆಗೆ ಸರದಿಯೋ ಅವರಿಗೆ
ಒಂದಿಷ್ಟು ಕಪ್ಪು ನೀರು ಹೋಗಿರಬೇಕು.
ಕರಣೆ ತೊಳೆದೆ, ಮಂಕರಿ ಕೊಡವಿದೆ.
ಉಗುರಿನ ಸಂದಿಯ ಕರಿ ಹೋಗಲಿಲ್ಲ.
ಇಷ್ಟಕ್ಕೆ ಅಲ್ಲಿ ಎಷ್ಟು ಎಂದು
ಅಭ್ಯಾಸಬಲದಿಂದ ಲೆಕ್ಕ ಶುರುವಾಗುತ್ತಿತ್ತು,
ಕೈಯನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.