ಅರ್ಧ ಬೀಗ

ನೌಬಾದಿನಾಗ ಬ್ಯಾಟರಿ ಅಂಗಡಿ ಇಟ್ಟ ಸಂಗಶೆಟ್ಟಿ
ಮಧ್ಯಾಹ್ನ ಗಲ್ಲಿ ಮಲಗಿದ ಹೊತ್ತು ನೋಡಿ ಬಂದ.
ಹೂದಾನಿ ಬ್ಯಾಡ, ಸುರಾಹಿ ಬ್ಯಾಡ,
ಅಂಗೈಯಗಲ ಒಂದು ತಗಡು ಸಾಕು,
ಅದರ ಮ್ಯಾಲ ಹನ್ನೆರಡು ಇಂಗ್ಲಿಷ್ ಶಬ್ದ, ಬೆಳ್ಳಿ ತಂತಿಲೆ.

"ಓದಬ್ಯಾಡ್ರಿ ಖಲೀಲ್ ಭಾಯಿ."
"ಓದಾಕ ಬರಂಗಿಲ್ಲ ನನಗ."
"ಅದಕ್ಕೇ ಬಂದೀನಿ."

ಮೈಲುತುತ್ತ ಹಚ್ಚಿ ನಾ ಗೆರಿ ಎಳೀಲತ್ತಿದ್ದೆ,
ಅಂವ ಹೇಳಲತ್ತಿದ್ದ:
ಸಾವಿರ ನಾಣ್ಯ ಅನಾಮತ್ತು ಇಟ್ಟೀನಿ,
ಮುಟ್ಟಂಗಿಲ್ಲ, ಮಾರಂಗಿಲ್ಲ.
ಅದರ ಬಲದ ಮ್ಯಾಲ ಒಂದು ಮಾಸ್ಟರ್‌ನೋಡ್ ನಡೀತದ
ಯಾವುದೋ ಥಂಡಿ ದೇಶದ ಬಾಡಿಗಿ ಯಂತ್ರದಾಗ.
ಹಗಲು ರಾತ್ರಿ ಎಚ್ಚರಿದ್ದು
ಮುಖ ಕಾಣದ ಮಂದಿಯ ಲೆಕ್ಕಕ್ಕ ಸಾಕ್ಷಿ ನಿಲ್ಲೋದು ಅದರ ಕೆಲಸ.
ಸರದಿ ಬಂದಾಗ ಕೂಲಿ ಬೀಳ್ತದ.
ತೂಕಡಿಸಿತೋ, ಸಾಲಿನ ಕಡೀಗೆ ಹೋಗಿ ನಿಲ್ಲಬೇಕು.

"ಜಾಮೀನುದಾರ ಇದ್ದಂಗ," ಅಂದೆ.
"ಓಡಿ ಹೋಗದ ಜಾಮೀನುದಾರ," ಅಂದು ನಕ್ಕ.

ಹೇಳುವಾಗ ಅವನ ಕಣ್ಣು ನೋಡಬೇಕಿತ್ತು.
ರೊಕ್ಕದ ಆಸಿ ನಾ ಕಂಡೀನಿ, ಅದು ಬ್ಯಾರೆ.
ಇದು ನಡುರಾತ್ರಿ ಎದ್ದು
ಫೋನಿನಾಗ ಒಂದು ಹಸಿರು ಚುಕ್ಕಿ ನೋಡಿ
"ಅದ" ಅಂದು ಮತ್ತ ಮಲಗೋ ಆಸಿ.
ಕರೆಂಟ್ ಹೋದ ಊರಾಗ
ತನ್ನದೊಂದು ದೀಪ ಎಲ್ಲೋ ಉರೀಲತ್ತದ ಅನ್ನೋ ಸುಖ.

"ಯಂತ್ರ ಕದ್ರ?"
"ಕದೀಲಿ. ಕೀಲಿ ಅದರೊಳಗಿಲ್ಲ.
ಕೀಲಿ ನಿಮ್ಮ ಕೈಯಾಗ ಅದ, ಅರ್ಧ."
"ಬೆಲಿ ಬಿದ್ರ?"
ತುಸು ಹೊತ್ತು ಸುಮ್ಮನ ಕುಂತ.
"ಬೀಳ್ತದ. ಬೀಗ ಕಳ್ಳರಿಗಷ್ಟೇ, ಪ್ಯಾಟಿಗಲ್ಲ."

ಅರ್ಧ ಅಂದದ್ದು ನನಗ ತಡ ಆಗಿ ಕೇಳಿಸ್ತು.
ಉಳಿ ನಿಂತಿತು.
"ಉಳಿದ ಹನ್ನೆರಡು?"
ಅಂವ ಬಾಯಿ ಬಿಡಲಿಲ್ಲ, ಗದ್ದ ಎತ್ತಿ ಎದುರಿನ ಅಂಗಡಿ ತೋರಿಸಿದ.

ಜಲೀಲ್. ನನ್ನ ತಮ್ಮ.
ಹನ್ನೊಂದು ವರ್ಷ ಆತು ಮಾತು ಬಿಟ್ಟು.
ಒಂದೇ ತಿಕ್ಕಿಗೆ ಕರ್ರಗ ಮಾಡೋ ಮಣ್ಣು
ಕೋಟಿಯ ಯಾವ ಮೂಲ್ಯಾಗ ಸಿಗ್ತದ ಅಂತ
ಅಬ್ಬಾ ಅವನಿಗಷ್ಟೇ ಹೇಳಿ ಕಣ್ಣು ಮುಚ್ಚಿದ್ರು.
ಅಂದಿನಿಂದ ನಾ ಗ್ವಾಡಿ ಗ್ವಾಡಿ ಕೆರೆದು
ನಾಲಿಗಿ ಮ್ಯಾಲ ಇಟ್ಟು ರುಚಿ ನೋಡಿ, ಉಗುಳಿ ಬರ್ತೀನಿ.
ನನ್ನ ಕಪ್ಪು ಯಾವಾಗಲೂ ಒಂದೆಳಿ ತಿಳಿ.

"ಭಾಳ ವಿಚಾರ ಮಾಡೀನಿ," ಅಂದ ಸಂಗಶೆಟ್ಟಿ,
"ಬ್ಯಾಂಕಿನ ಲಾಕರಿಗೂ ಎರಡು ಕೀಲಿ ಖರೆ,
ಆದ್ರ ಅಲ್ಲಿಯವರು ಕೂಡಿ ಚಹಾ ಕುಡೀತಾರ.
ನೀವಿಬ್ಬರು ಕೂಡಂಗಿಲ್ಲ ಅಂತ
ಸಿದ್ದಿ ತಾಲೀಮಿನ ಕೂಸಿಗೂ ಗೊತ್ತದ."

ನಮ್ಮ ಸಿಟ್ಟಿಗೆ ಇಷ್ಟು ಬೆಲಿ
ಯಾವ ಪ್ಯಾಟ್ಯಾಗೂ ಬಂದಿದ್ದಿಲ್ಲ.

ತಂತಿ ಬಡಿದೆ, ಅರ ಹಾಕಿದೆ, ಕಾಸಿದೆ,
ನವಸಾಗರ ಕಲಸಿದ ಮಣ್ಣು ತಿಕ್ಕಿದೆ.
ಕಪ್ಪಿನಾಗಿಂದ ಬೆಳ್ಳಿ ಎದ್ದು ಬಂತು.
ಅಂವ ಪೇಪರಿನಾಗ ಸುತ್ತಿ, ರೊಕ್ಕ ಎಣಿಸಿ ಕೊಟ್ಟು ಹೋದ.

ಆದ್ರ ಸಂಗಶೆಟ್ಟಿ, ನೀ ಒಂದು ಲೆಕ್ಕ ಬಿಟ್ಟಿ.
ಕಣ್ಣಿಗೆ ಓದಾಕ ಬರಂಗಿಲ್ಲ, ಕೈಗೆ ಬರ್ತದ.
ರಾತ್ರಿ ಚಾದರಿನ ಮ್ಯಾಲ ಬೆರಳು ತಾನೇ ತಿರುಗ್ತದ:
ನಾಕನೇದು ಕೊಕ್ಕಿಯಂಗ ಸುರು ಆಗ್ತದ,
ಒಂಬತ್ತನೇದರಾಗ ಎರಡು ಬಳಿ ಅಕ್ಕಪಕ್ಕ.
ಅರ್ಥ ಗೊತ್ತಿಲ್ಲ. ತಪ್ಪಂಗಿಲ್ಲ.
ಎದುರಿಗೆ ಜಲೀಲನ ದೀಪ ಇನ್ನೂ ಆರಿಲ್ಲ.
ನಮ್ಮಿಬ್ಬರ ಕೈ ತಿದ್ದಿದವರು ಒಬ್ಬರೇ.

ಇವತ್ತು ಮುಂಜಾನಿ ಹೊಸ್ತಿಲ ಮ್ಯಾಲ
ಒಂದು ಕಾಗದದ ಪುಡಿಕಿ.
ಒಂದು ಮುಷ್ಟಿ ಮಣ್ಣು, ತಣ್ಣಗ.
ನಾಲಿಗಿಗೆ ಇಟ್ಟೆ.
ಉಗುಳಲಿಲ್ಲ.

ಎದುರಿಗೆ ಅಂವ ತಂಬಿಗಿ ಹಿಡಿದು ಬಾಯಿ ತೊಳೀಲತ್ತಾನ,
ನನ್ನ ಕಡಿ ಬಿಟ್ಟು ಬೀದಿಯೆಲ್ಲ ನೋಡ್ಲತ್ತಾನ.

ಸಂಗಶೆಟ್ಟಿ, ಥಂಡಿ ದೇಶದಾಗ ನಿನ್ನ ಯಂತ್ರ
ಇನ್ನೂ ಎಚ್ಚರ ಇರಬೇಕು.
ಈ ಗಲ್ಲಿಯ ಅಗಲ ಏಳು ಹೆಜ್ಜಿ.
ನಾ ಚಪ್ಪಲಿ ಹುಡುಕಲತ್ತೀನಿ.