ತಗಡಿನ ನಂಬರು

ಬಾಣಾವರದ ಕಡೆಯಿಂದ ಬಂದ ದೂಳು ಬಸ್ಸಿನ ಟಾಪಿನಿಂದ
ಇಳಿಸಿದ್ದು ನಲವತ್ತೆರಡು ಟ್ರಂಕು, ಎರಡು ಡ್ರಮ್ಮು, ಒಂದು ಬ್ಯಾನರು.
ಶಾಲೆಯ ಮೂರು ಕೋಣೆಗೆ ಬೀಗ ತೆಗೆದುಕೊಟ್ಟವನು ನಾನೇ,
ಊರ ನೀರುಗಂಟಿ.
ಏಳು ದಿನದ ಶ್ರಮದಾನ ಶಿಬಿರ ಎಂದರು.
ಏಳು ದಿನವೂ ಎರಡು ಹೊತ್ತು ನೀರು ಬಿಡಬೇಕಲ್ಲ ಎಂದು
ನಾನು ಮೋಟರಿನ ಮುಖ ನೋಡಿದೆ.

ನಮ್ಮ ಗೋಮಾಳದ ನೆಲ ಗೊತ್ತಲ್ಲ,
ಮೇಲೆ ಬೆರಳುದ್ದ ಕೆಂಪು, ಕೆಳಗೆಲ್ಲ ಗರಸು.
ಹಾರೆ ಹಾಕಿದರೆ ಕಿಡಿ ಹಾರುತ್ತದೆ, ಮಣ್ಣು ಹಾರುವುದಿಲ್ಲ.
ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ.
ಪರಮೇಶ್ವರಪ್ಪ ಮೇಷ್ಟ್ರು ಕೋಲು ಹಿಡಿದು ಅಳೆಯುವರು,
ಅಂಗುಲ ಕಮ್ಮಿಯಾದರೂ ಮತ್ತೆ ಇಳಿ.
ಮೊದಲ ಸಂಜೆಗೇ ಎಲ್ಲರ ಅಂಗೈ ತುಂಬ ಬೊಬ್ಬೆ.
ನಳಿನಾಕ್ಷಿ ಎಂಬ ಹುಡುಗಿ, ಹಾಸನದ ಪೆನ್ಷನ್ ಮೊಹಲ್ಲಾದವಳು,
ನಲ್ಲಿಯ ಕೆಳಗೆ ಎರಡೂ ಕೈ ಹಿಡಿದು
ತುಂಬ ಹೊತ್ತು ಸುಮ್ಮನೆ ನಿಂತಳು.
ನೀರು ಪೋಲಾಗುತ್ತೆ ಅನ್ನಲು ನನಗೆ ಬಾಯಿ ಬರಲಿಲ್ಲ.

ನಲ್ಲಿಕಟ್ಟೆಯ ಕೊಚ್ಚೆಗೆ ಇಂಗುಗುಂಡಿ ತೋಡಿ
ಇಟ್ಟಿಗೆ ಚೂರು ತುಂಬಿದರು.
ರಾತ್ರಿ ಗ್ಯಾಸ್‌ಲೈಟಿನ ಬೆಳಕಲ್ಲಿ ಹೆಂಗಸರಿಗೆ ರುಜು ಕಲಿಸಿದರು.
ಚಿಕ್ಕೀರಮ್ಮ ಮಾತ್ರ ಹೋಗಲಿಲ್ಲ.
ಅವಳ ಅರವತ್ತು ಆಡು ಮೇಯುವ ಜಾಗ ಅದು.
"ನನ್ನ ಹೆಬ್ಬೆಟ್ಟು ನೆಟ್ಟಗೇ ಇದೆ. ನಿಮ್ಮ ಗುಂಡಿಗೆ ನನ್ನ ಮರಿ ಬಿದ್ದರೆ
ಯಾರ ರುಜು ತರಲಿ?"
ಮೇಷ್ಟ್ರು ಬರೆದುಕೊಂಡರು. ಉತ್ತರ ಹೇಳಲಿಲ್ಲ.

ಆರು ದಿನಕ್ಕೆ ನಾನೂರ ಹನ್ನೆರಡು ಗುಂಡಿ.
ಏಳನೆಯ ದಿನ ನರ್ಸರಿಯ ವ್ಯಾನು ಬಂತು,
ಸಸಿ ಇನ್ನೂರ ಅರವತ್ತು.
ಉಳಿದದ್ದು ಮುಂದಿನ ವಾರ ಎಂದ ಡ್ರೈವರು.
ಆ ವಾರ ಇನ್ನೂ ಬಂದಿಲ್ಲ.
ಡಬ್ಬದ ತಗಡು ಕತ್ತರಿಸಿ, ನಂಬರು ಬರೆದು
ಒಂದೊಂದಕ್ಕೂ ಕಟ್ಟಿದರು.
ನಳಿನಾಕ್ಷಿಯದು ಬೇವು, ನೂರಾ ಹದಿನೇಳು.
ಸಮಾರೋಪದಲ್ಲಿ ಭಾಷಣ, ಮಂಡಕ್ಕಿ, ಅಳು.
ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ
ಆಡುಗಳು ಗೋಮಾಳಕ್ಕೆ ಬಂದವು,
ಎಂದಿನಂತೆ.

ಮೂರನೇ ವಾರಕ್ಕೆ ನೂರಾ ಹದಿನೇಳರಲ್ಲಿ
ಒಂದು ಕಡ್ಡಿ, ಒಂದು ತಗಡು.
ದೀಪಾವಳಿಗೆ ಕಾರ್ಡು ಬಂತು,
"ಅಣ್ಣಾ, ನನ್ನ ಬೇವು ಹೇಗಿದೆ?"
ಮೊಣಕಾಲುದ್ದ ಬಂದಿದೆ, ಎಂದು ಬರೆದೆ.
ಕಾರ್ಡಿನಲ್ಲಿ ಜಾಗ ಮಿಕ್ಕಿತ್ತು,
ಎಲೆ ತುಂಬಾ ಹಸಿರು, ಎಂದೂ ಸೇರಿಸಿದೆ.
ಸುಳ್ಳಿಗೂ ನೀರು ಹೊರಬೇಕು ಅಂತ
ಆಗ ಗೊತ್ತಿರಲಿಲ್ಲ.

ಖಾಲಿ ಗುಂಡಿಗಳ ಕಡೆ ಯಾರೂ ನೋಡಿರಲಿಲ್ಲ.
ಮಳೆ ನಿಂತು, ಕಪ್ಪೆ ಕೂಗಿ, ಆಡು ಕುಡಿದು,
ಕುಡಿದ ಬಾಯಿ ಮುಂದೆ, ಹಿಕ್ಕೆ ಹಿಂದೆ,
ಗಾಳಿ ತಂದ ತರಗು,
ಕಾಗೆಯೋ ಆಡೋ ಉಗಿದ ಬೀಜ.
ಎರಡನೆಯ ಯುಗಾದಿಗೆ ಬೇವಿನೆಲೆ ಹುಡುಕಿ ಹೋದರೆ
ಎಲಚಿ, ಜಾಲಿ, ಒಂದು ಹುಣಸೆ,
ಮುಳ್ಳಿನ ನಡುವೆ, ಯಾರ ಬಾಯಿಗೂ ಸಿಗದೆ,
ಮೊಣಕಾಲುದ್ದ ಒಂದು ಬೇವು.

ಕಿತ್ತು ಅಲ್ಲಿಗೆ ನೆಡೋಣ ಎಂದು ಬಗ್ಗಿದೆ.
ಆಮೇಲೆ ಯೋಚಿಸಿ
ಗಿಡ ಸರಿಸಲಿಲ್ಲ, ತಗಡು ಸರಿಸಿದೆ.
ದಿನಾ ಮೋಟರು ನಿಲ್ಲಿಸಿ ಬರುವಾಗ ಒಂದು ಕೊಡ.
ಚಿಕ್ಕೀರಮ್ಮ ನೋಡಿದಳು. "ಯಾರದದು?"
"ಕಾಲೇಜು ಹುಡುಗೀದು."
"ನನ್ನ ಆಡಿಂದು," ಎಂದಳು,
ಜಾಲಿಯ ಕೊಂಬೆಯೊಂದನ್ನು ಅದರ ಸುತ್ತ ಎಳೆದಿಡುತ್ತಾ.

ಕಾರ್ಡುಗಳು ಎಂದೋ ನಿಂತವು.
ತಗಡು ಈಗ ನನ್ನ ತಲೆಗಿಂತ ಮೇಲಿದೆ, ಅರ್ಧ ತೊಗಟೆಯೊಳಗೆ,
ಕೊನೆಯ ಏಳು ಮಾತ್ರ ಕಾಣುತ್ತದೆ.

ಹೋದ ತಿಂಗಳು ಇನ್ನೊಂದು ಶಿಬಿರ.
ಹೊಸ ಮೇಷ್ಟ್ರು, ಹೊಸ ಟೀ ಶರ್ಟು, ಅದೇ ಗರಸು.
ಸಲಹೆ ಏನಾದರೂ ಇದೆಯಾ ತಾತಾ ಎಂದರು.
"ಗುಂಡಿ ಜಾಸ್ತಿ ತೋಡಿ, ಸಸಿ ಕಮ್ಮಿ ತನ್ನಿ."
ತಮಾಷೆ ಅಂದುಕೊಂಡು ನಕ್ಕರು.
ನಾನು ಹಾರೆ ಹಣಿಸಲು ಕುಲುಮೆಗೆ ಹೊರಟೆ,
ಇಪ್ಪತ್ತು ಹಾರೆ, ಒಂದೇ ಸೈಕಲ್ಲು.